ಏರಿ ಒಡೆಯುವ ಸದ್ದು

ಶೇಂಗಾ ಮಿಲ್ಲಿನ ಖಾಲಿ ಗೋದಾಮಿನಲ್ಲಿ ನಾಟಕದ ಕೊನೆಯ ತಾಲೀಮು. ಮರುದಿನ ಕೂಡ್ಲಿಗಿಯಲ್ಲಿ ಆಟ. ಮಧ್ಯಾಹ್ನ ನಾನು ರೊಟ್ಟಿ ಬುಟ್ಟಿ ಹೊತ್ತು ಹೋದಾಗ ಮಗಳು ಸುಕನ್ಯಾ ಕಂಪ್ಯೂಟರ್ ಮುಂದೆ ಬೆವರುತ್ತಾ ಕೂತಿದ್ದಳು. ಬುಟ್ಟಿ ನೆಲಕ್ಕಿಳಿಸಿ ನಾನೂ ಪಕ್ಕದಲ್ಲಿ ಕೂತೆ.

ತಾನು ಪಾಠ ಹೇಳುವ ಕಂಪ್ಯೂಟರ್ ಕ್ಲಾಸಿನಿಂದ ಅದನ್ನು ಕೇಳಿ ತಂದಿದ್ದಳು. ಅದರೊಳಗೆ ಸದ್ದು ಹುಟ್ಟಿಸುವ ಸಾಫ್ಟ್‌ವೇರ್ ಇತ್ತು, ಹೊಸದಾಗಿ ಕಲಿಯುವವರಿಗೆಂದೇ ಮಾಡಿದ್ದಂತೆ. ಪರದೆ ಮೇಲೆ ರೇಡಿಯೋ ಗುಂಡಿಗಳಂಥ ಚಿತ್ರ. ಮೌಸಿನಿಂದ ತಿರುವಿದರೆ ಸದ್ದು ದಪ್ಪಗಾಗುತ್ತದೆ, ತೆಳ್ಳಗಾಗುತ್ತದೆ. ಮಳೆಗಾಲವಿಡೀ ಹೆಡ್‌ಫೋನ್ ಹಾಕಿಕೊಂಡು ಅದರಲ್ಲೇ ಮುಳುಗಿದ್ದಳು. ನಾಟಕದ ಕೊನೆಗೆ ಕೆರೆಯ ಏರಿ ಒಡೆಯಬೇಕು. ಆ ಸದ್ದು ತಾನೇ ಮಾಡಿಕೊಡುವುದಾಗಿ ಒಪ್ಪಿದ್ದಳು.

"ಇವತ್ತು ಎಲ್ಲಾರ ಮುಂದ ಆಗಲಿಲ್ಲ ಅಂದ್ರ ಈ ಹುಚ್ಚು ಬಿಟ್ಟು ಸಂಜಿ ನನ್ನ ಜೊತಿ ರೊಟ್ಟಿ ಬಡಿಯಾಕ ಕುಂದ್ರಬೇಕು" ಎಂದು ಬೆಳಿಗ್ಗೆ ಹೇಳಿದ್ದೆ.

"ಹೂಂ" ಎಂದಿದ್ದಳು.

ಮೈಕ್‌ಸೆಟ್ಟಿನ ಮಾಬುಸಾಬ್ ವೈರು ಸಿಕ್ಕಿಸಿ ತಲೆಯಾಡಿಸಿದ. ಸುಕನ್ಯಾ ಮೌಸ್ ಒತ್ತಿದಳು. ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿನಿಂದ 'ಕಿರ್ರ್' ಎಂಬಷ್ಟೇ ಸದ್ದು ಬಂದು ನಿಂತಿತು.

ನಾಟಕದ ಯಜಮಾನ ಗುರುಶಾಂತ ಸೊಂಟಕ್ಕೆ ಕೈ ಇಟ್ಟ. "ಏನವ್ವಾ, ಏರಿ ಒಡೀತೋ, ಯಾರಾರ ಚಾ ಸೋಸಿದ್ರೋ?"

ಎಲ್ಲರೂ ನಕ್ಕರು.

"ಹೆಡ್‌ಫೋನ್‌ದಾಗ ನೆಲ ನಡುಗತೈತ್ರಿ..."

"ಕೂಡ್ಲಿಗಿ ಮಂದಿಗೆಲ್ಲಾ ಹೆಡ್‌ಫೋನ್ ಹಂಚ್ತೀಯೇನು ಬೇಟಿ?" ಮಾಬುಸಾಬ್ ಹಾರ್ನನ್ನು ತಟ್ಟಿದ. "ಇದು ಕೂಗಾಕ ಮಾಡಿದ್ದು. ದಪ್ಪ ಸದ್ದು ಇದರ ಗಂಟಲಾಗ ಹೊರಡಂಗಿಲ್ಲ."

"ತಗಡು ತರಿಸ್ತೀನಿ" ಎಂದ ಗುರುಶಾಂತ. "ನಮ್ಮಪ್ಪ ತಗಡು ಬಡದೇ ಗುಡುಗಿಸ್ಯಾನ. ಚಾ ಕುಡಿಯೋತನಕ ನೋಡು, ಅಷ್ಟ."

ಸುಕನ್ಯಾ ಹೆಡ್‌ಫೋನ್ ತೆಗೆದು ಕೆಳಗಿಟ್ಟಳು. "ಕಾಕಾ, ಹಾರ್ನ್ ನನ್ನ ಕಡಿ ತಿರುಗಿಸ್ರಿ."

ಈಗ ಹಾರ್ನಿಗೆ ಕಿವಿ ಕೊಟ್ಟು ಗುಂಡಿ ತಿರುವತೊಡಗಿದಳು. ಒಮ್ಮೆಲೇ ಹಾರ್ನು ಚೀರಿತು. ಎಲ್ಲರೂ ಕಿವಿ ಮುಚ್ಚಿಕೊಂಡರು.

"ಕುಕ್ಕರ್ ಇಳಸ್ರೋ, ಅನ್ನ ಆತು!" ಎಂದ ಒಬ್ಬ.

ಅವಳ ಕತ್ತು ಕೆಂಪಾಯಿತು; ಮೌಸ್ ಮಾತ್ರ ಬಿಡಲಿಲ್ಲ. ಸಾಕು ಬಿಡವ್ವಾ, ಮನಿಗೆ ಹೋಗೂಣು ಅನ್ನಬೇಕೆನಿಸಿತು ನನಗೆ. ಚಹಾದ ಲೋಟಗಳು ಖಾಲಿಯಾಗುತ್ತಿದ್ದವು. ಗುರುಶಾಂತ ತಗಡು ತರಿಸಲು ಚಪ್ಪಲಿ ಮೆಟ್ಟಿ ಬಾಗಿಲ ಕಡೆ ಹೊರಟ.

ಅವಳು ಒಂದು ಗುಂಡಿಯನ್ನು ಕೂದಲೆಳೆಯಷ್ಟು ಇಳಿಸಿದಳು. ಚೀರಾಟ ಸಣ್ಣಗಾಗಿ 'ಸುಸ್ಸ್' ಎಂದಿತು. ನಿಂತಿತು. ಮತ್ತೆ ಸುಸ್ಸ್. ಮಣ್ಣು ಜಾರಿದಂತೆ ತಡವರಿಸಿ, ಸ್ವಲ್ಪ ಅಗಲವಾಯಿತು. ಮತ್ತಷ್ಟು ಅಗಲವಾಯಿತು.

ನಾನು ಸಣ್ಣಾಕಿ ಇದ್ದಾಗ ತವರೂರ ಏರಿ ಒಡೆದದ್ದು ಹೀಗೇ. ಮೊದಲು ಅಬ್ಬರವಲ್ಲ, ಎಲ್ಲೋ ಒಂದು ಕಡೆ ನೀರು ಸುಸ್ಸೆನ್ನುತ್ತದೆ, ಅವ್ವ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬರುತ್ತಾಳೆ.

ಸದ್ದು ನಿಂತಿತು. ಬಾಗಿಲಲ್ಲಿ ನಿಂತ ಗುರುಶಾಂತ ನನ್ನನ್ನೇ ನೋಡುತ್ತಿದ್ದ.

"ನಾಗಲಿಂಗಕ್ಕಾ, ಯಾಕ ಎದ್ದು ನಿಂತಿ?"

"ರೊಟ್ಟಿ ತೋಯ್ತಾವು" ಎಂದುಬಿಟ್ಟೆ.

ಯಾರೂ ನಗಲಿಲ್ಲ. ಗುರುಶಾಂತ ಚಪ್ಪಲಿ ಕಳಚಿ ಒಳಗೆ ಬಂದ. "ತಗಡು ಬ್ಯಾಡ. ಇನ್ನೊಮ್ಮೆ ಹಚ್ಚವ್ವಾ, ಮೊದಲಿಂದ."

ಸುಕನ್ಯಾ ಹಚ್ಚಲಿಲ್ಲ. ಮೌಸಿನ ಮೇಲೆ ಕೈ ಇಟ್ಟುಕೊಂಡೇ ನನ್ನ ಕಡೆ ತಿರುಗಿ ಕಾದಳು.

ನೆಲದ ಮೇಲಿದ್ದ ಬುಟ್ಟಿ ಯಾವಾಗಲೋ ನನ್ನ ತಲೆಯ ಮೇಲೇರಿತ್ತು. ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಹಚ್ಚು" ಎಂದೆ.