ಏಳನೇ ಮೆಟ್ಟಿಲು ಸೊಟ್ಟಗಿದ್ದ ಗೋಪುರ

ದಂತವೈದ್ಯನಿಗೆ ಒಬ್ಬಳೇ ಅಕ್ಕ. ಮೂವತ್ತೊಂದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದ ಮರುವಾರವೇ ಅವಳು ತನ್ನ ಮನೆಯನ್ನು ಬಾಡಿಗೆಗೆ ಕೊಟ್ಟು, ಜೊತೆಯ ಮೇಷ್ಟ್ರುಗಳು ಕಾಣಿಕೆಯಾಗಿ ಕೊಟ್ಟ ಕ್ಯಾಮೆರಾ ಹೆಗಲಿಗೇರಿಸಿ ಊರೂರು ಸುತ್ತಲು ಹೊರಟಳು. ವಾರಕ್ಕೊಂದು ಫೋಟೋ ತಮ್ಮನ ಫೋನಿಗೆ ಬರುತ್ತಿತ್ತು. ಜೊತೆಗೆ ಒಂದೇ ಸಾಲು: 'ಎಲ್ಲಿ, ಹೇಳು ನೋಡೋಣ.'

ತಮ್ಮ ಅವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ರೋಗಿಗಳು ಒರಗುವ ಕುರ್ಚಿಗೆ ನೇರವಾಗಿ ಚಾವಣಿಗೆ ಅಂಟಿಸಿದ. ಬಾಯಿ ತೆರೆದು ಮಲಗಿದವರಿಗೆ ನೋಡಲು ಬೇರೇನಿದೆ? ದವಡೆ ಮರಗಟ್ಟುವವರೆಗೆ ಅವರು ಊರು ಯಾವುದೆಂದು ಯೋಚಿಸುವರು. ಬಾಯಿ ಮುಕ್ಕಳಿಸಿ ಉಗಿದೊಡನೆ ಹೇಳುವರು. ತಮ್ಮ ಅದನ್ನು ಅಕ್ಕನಿಗೆ ಬರೆದು ಕಳಿಸುವನು. 'ಹೌದು' ಅಥವಾ 'ಅಲ್ಲ' ಎಂದು ಉತ್ತರ ಬರುವುದು.

ಮೊದಲ ಐದು ಜಾಗಗಳು ಸುಲಭವಾಗಿ ಗೊತ್ತಾದವು. ಆಮೇಲಿನವು ಯಾರಿಗೂ ಹೊಳೆಯಲಿಲ್ಲ. ಕಮಾನಿನ ಸೇತುವೆಯೊಂದನ್ನು ನೋಡಿ ವಕೀಲರೊಬ್ಬರು, "ಇದರ ಮೇಲೆ ನಿಂತು ನಾನೂ ನನ್ನ ಹೆಂಡ್ತೀನೂ ಜಗಳ ಆಡಿದ್ದೀವಿ ಕಣ್ರೀ, ಹೊರದೇಶದಲ್ಲಿ" ಎಂದು ಎದೆ ತಟ್ಟಿ ಹೇಳಿದ್ದರು. ಅಕ್ಕ 'ಅಲ್ಲ' ಎಂದಿದ್ದಳು.

ಹನ್ನೊಂದನೆಯದು ಒಂದು ದುಂಡನೆಯ ಗೋಪುರ. ಮೈ ಸುತ್ತಿ ಹತ್ತುವ ಕಬ್ಬಿಣದ ಮೆಟ್ಟಿಲು, ಹಿಂದೆ ಸಂಜೆಯ ಕೆಂಪು. ಆ ಫೋಟೋದ ಕೆಳಗೆ ಹಲ್ಲು ಕೀಳಿಸಿಕೊಳ್ಳಲು ಮಲಗಿದ್ದವನು ನೀರು ಸರಬರಾಜು ಇಲಾಖೆಯ ವೆಲ್ಡರ್. ಹಲ್ಲು ಅರ್ಧ ಸಡಿಲವಾದಾಗ ಕೈ ಎತ್ತಿ "ಆ... ಆ..." ಎಂದ.

"ನೋವಾಯ್ತಾ?"

ಅವನು ಬೆರಳು ಮಾಡಿ ಮೇಲೆ ತೋರಿಸಿದ. ಹಲ್ಲು ಕಿತ್ತ ಮೇಲೆ, ಕಚ್ಚಿದ ಹತ್ತಿಯ ಸಂದಿನಿಂದಲೇ ಹೇಳಿದ: "ಡಾಕ್ಟ್ರೇ, ಅದು ನಮ್ಮ ಹಳೇ ನೀರಿನ ಟ್ಯಾಂಕು. ರೈಲ್ವೆ ಯಾರ್ಡ್ ಹಿಂದಿರೋದು."

"ಏನ್ರೀ, ನಮ್ಮಕ್ಕ ಸಾವಿರ ಮೈಲಿ ದೂರ ಇದ್ದಾಳೆ."

"ಅವರು ಎಲ್ಲಾದ್ರೂ ಇರ್ಲಿ. ಆ ಏಳನೇ ಮೆಟ್ಲು ನೋಡಿ, ಸೊಟ್ಟ. ಬೆಸುಗೆ ಹಾಕಿದ್ದೂ ನಾನೇ, ಬೈಸ್ಕೊಂಡಿದ್ದೂ ನಾನೇ."

ಯಾರ್ಡಿನ ಕಡೆ ವೈದ್ಯ ಕಾಲಿಟ್ಟು ವರ್ಷಗಳೇ ಆಗಿದ್ದವು. ಭಾನುವಾರ ಹೋದ. ಟ್ಯಾಂಕು ಇತ್ತು. ಮೆಟ್ಟಿಲು ಎಣಿಸಿದ, ಏಳನೆಯದು ಸೊಟ್ಟಗೇ ಇತ್ತು. ಎದುರಿನ ಲಾಂಡ್ರಿಯಲ್ಲಿ, ಫೋನಿನಲ್ಲಿದ್ದ ಅಕ್ಕನ ಮುಖ ತೋರಿಸಿ ವಿಚಾರಿಸಿದಾಗ ಅಂಗಡಿಯಾಕೆ, "ಕ್ಯಾಮೆರಾ ಮೇಡಮ್ಮಾ? ಮೇಲ್ಗಡೆ ರೂಮು" ಎಂದಳು.

ಬಾಗಿಲು ತೆರೆದ ಅಕ್ಕ ಗಾಬರಿಯಾಗಲಿಲ್ಲ. "ಕಂಡುಹಿಡಿದ್ಯಾ?"

"ನಾನಲ್ಲ. ಒಬ್ಬ ವೆಲ್ಡರ್."

ಅವಳು ಇದ್ದ ಒಂದೇ ಕುರ್ಚಿಯನ್ನು ಅವನಿಗೆ ಎಳೆದು ಕೊಟ್ಟು ತಾನು ಮಂಚದ ಮೇಲೆ ಕೂತಳು. "ಐದು ವಾರ ಸುತ್ತಿದೆ ಕಣೋ. ಲಾಡ್ಜು, ಬಸ್ಸು, ಮತ್ತೆ ಲಾಡ್ಜು. ಎಷ್ಟೇ ಚಂದದ ಜಾಗ ಆದ್ರೂ 'ನೋಡು' ಅನ್ನೋಕೆ ಪಕ್ಕದಲ್ಲಿ ಒಂದು ನರಪಿಳ್ಳೆ ಇಲ್ಲ. ಸಾಕಾಯ್ತು, ವಾಪಸ್ ಬಂದ್ಬಿಟ್ಟೆ. ಆಮೇಲಿನ ಫೋಟೋ ಎಲ್ಲಾ ಈ ಊರಿನವೇ. ನನ್ನ ಮನೇಲಿ ಬೇರೆಯವರಿದ್ದಾರೆ. ಅಷ್ಟೆಲ್ಲ ಭಾಷಣ ಮಾಡಿಸ್ಕೊಂಡು ಹೊರಟವಳು ಯಾವ ಮುಖ ಇಟ್ಕೊಂಡು ನಿನ್ನ ಬಾಗಿಲಿಗೆ ಬರ್ಲಿ?"

"ಒಂದು ಫೋನ್ ಮಾಡ್ಬಾರ್ದಿತ್ತಾ ಅಕ್ಕ?"

"ನೀನು ಮಾಡಿದ್ಯಾ? ಆ ಊರಾ, ಈ ಊರಾ ಅಂತ ವಾರ ವಾರ ಬರ್ದೆ. ಹೇಗಿದ್ದೀಯ ಅಂತ ಒಂದಿನ ಕೇಳಿದ್ಯಾ?"

ವೈದ್ಯ ಫೋನು ತೆಗೆದು, ತಾನು ಬರೆದದ್ದನ್ನೆಲ್ಲ ಮೇಲಿನವರೆಗೆ ಸರಿಸಿ ನೋಡಿದ. ಊರುಗಳ ಹೆಸರೇ ಇದ್ದವು. "ಇಲ್ಲ" ಎಂದು ಜೇಬಿಗಿಟ್ಟ.

"ನಡಿ, ನಮ್ಮನೆಗೆ ಹೋಗೋಣ."

"ಬೇಡ. ಕೆಳಗಿನವಳ ಮಗಳಿಗೆ ಭಿನ್ನರಾಶಿ ಶುರು ಮಾಡಿದ್ದೀನಿ. ಮಧ್ಯದಲ್ಲಿ ಬಿಟ್ರೆ ಹುಡುಗಿ ಮೂರಾಬಟ್ಟೆ."

ತಾನು ಯಾವಾಗಲೋ ಮರಳಿ ಬಂದದ್ದನ್ನು ಶಾಲೆಯವರಿಗೆ ಅವಳೇ ಹೋಗಿ ಹೇಳಿದಳು. ಅವರು ಎರಡು ದಿನ ನಕ್ಕು ಮರೆತರು. ಅವಳ ಮನೆ ಖಾಲಿಯಾದ ಮೇಲೂ ಅವಳು ಆ ರೂಮು ಬಿಡಲಿಲ್ಲ. ತಮ್ಮ ಭಾನುವಾರ ಹೋಗಿ ಊಟ ಮುಗಿಸಿ ಬರುವುದು ರೂಢಿಯಾಯಿತು. ಕೂರಲು ಇನ್ನೊಂದು ಕುರ್ಚಿಯನ್ನು ಅವನೇ ತಂದು ಹಾಕಿದ.