ಹುಳುಮನೆಗೆ ಇರುವೆ ಬಂದ ದಾರಿ

ಕೋನಪ್ಪನನ್ನು ಹೊಂಗೆ ಮರಕ್ಕೆ ಕಟ್ಟಿದ್ದು ಅವನೇ ಸೊಪ್ಪಿನ ಹೊರೆ ಬಿಗಿದು ತಂದಿದ್ದ ಹಗ್ಗದಿಂದ.

"ಒಳಗೆ ನೋಡ್ಕೊಂಡು ಬರ್ತೀನಿ ಕಣೋ. ಹುಳ ಸತ್ತಿದ್ರೆ ನಿನ್ನ ಬೆನ್ನಿನ ಚರ್ಮ ಸುಲೀತೀನಿ." ಮನೆಯ ಯಜಮಾನ ರಾಮಾಂಜಿನಪ್ಪ ಹೊಡೆಯಲೆಂದು ಮುರಿದು ತಂದಿದ್ದ ಹುಣಸೆ ಬರಲನ್ನು ಜಗಲಿಗೆ ಒರಗಿಸಿ ಹುಳುಮನೆಯೊಳಗೆ ಹೋದ.

ಕೋನಪ್ಪನ ಹೆಂಡತಿ ಮುನಿಗಂಗಮ್ಮ ಅಂಗಳದ ಚರಂಡಿಯಾಚೆ ನಿಂತಿದ್ದಳು. ಹೊಲಗೇರಿಯವರಿಗೆ ಆ ಮನೆಯಲ್ಲಿ ಅಲ್ಲಿಗೇ ಗಡಿ. ದಿನವೂ ಅಲ್ಲಿಂದಲೇ ರೇಷ್ಮೆ ಹುಳಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು, ಒಣಗಿದ ಎಲೆಯ ಮೇಲೆ ತುಂತುರು ಬಿದ್ದ ಹಾಗೆ. ಇವತ್ತು ಆ ಸದ್ದು ತೆಳ್ಳಗಾಗಿತ್ತು.

ಹೊಸ್ತಿಲ ಹೊರಗೆ ಸೊಪ್ಪು ಇಳಿಸುವುದಷ್ಟೇ ಕೋನಪ್ಪನ ಕೆಲಸ. ನಿನ್ನೆ ಒಳಗೆ ಹುಳ ಮೇಯುವ ತಟ್ಟೆಗಳ ಅಟ್ಟಣೆ ವಾಲಿದಾಗ ರಾಮಾಂಜಿನಪ್ಪನ ತಾಯಿ ಆದಿಲಕ್ಷ್ಮಮ್ಮ ಒಬ್ಬಳೇ ಇದ್ದಳು. ಅವಳು ಕಿರುಚಿಕೊಂಡಳು. ಕೋನಪ್ಪ ನುಗ್ಗಿ ಹೆಗಲು ಕೊಟ್ಟ. ಇರುವೆ ಹತ್ತದಿರಲೆಂದು ಅಟ್ಟಣೆಯ ಕಾಲುಗಳ ಕೆಳಗೆ ನೀರಿನ ಕಲ್ಲುಬಟ್ಟಲು ಇಡುತ್ತಾರೆ. ಮಗುಚಿದ್ದ ಒಂದು ಬಟ್ಟಲಿಗೆ ಕೋನಪ್ಪ ನೀರನ್ನೂ ತುಂಬಿಸಿ ಬಂದ.

ಹುಳ ಉಳಿಯಿತು, ಮನೆ ಮೈಲಿಗೆಯಾಯಿತು. ಎಲ್ಲ ಬಟ್ಟಲುಗಳ ನೀರನ್ನೂ ಚೆಲ್ಲಿ, ಹಾಲು, ಬೆಲ್ಲ, ಜೇನು ಬೆರೆಸಿದ ತೀರ್ಥವನ್ನು ಮೂಲೆಮೂಲೆಗೆ ಚಿಮುಕಿಸಲು ಜೋಯಿಸರು ಹೇಳಿದರು. ಅವರು ಬಂದು ಪೂಜೆ ಮಾಡುವವರೆಗೆ ಬಟ್ಟಲಿಗೆ ಹೊಸ ನೀರು ಬೇಡವೆಂದರು. ಆದಿಲಕ್ಷ್ಮಮ್ಮ ಹಾಗೇ ಮಾಡಿದಳು. ಇವತ್ತು ಹೊತ್ತು ನೆತ್ತಿಗೇರುತ್ತಿದ್ದರೂ ಜೋಯಿಸರ ಸುಳಿವಿಲ್ಲ.

ನೋಡಲು ಬಂದು ನಿಂತಿದ್ದ ಪಕ್ಕದ ತೋಟದ ಗಂಗುಲಪ್ಪ ಎಲೆಯಡಿಕೆ ಉಗಿದು ಕೇಳಿದ: "ಮುಟ್ಟಿಸಿಕೊಳ್ಳಲ್ಲ ಅಂದ್ರೆ ಜೈಲು ಅಂತ ಡೆಲ್ಲಿಯಲ್ಲಿ ಕಾನೂನು ಮಾಡವ್ರಂತಲ್ಲೋ ಕೋನಾ. ಎಲ್ಲೋ ನಿನ್ನ ಕಾನೂನು?"

"ಜಂಗಮಕೋಟೆವರೆಗೂ ಬಂದೈತೆ, ಗಂಗುಲಪ್ಪಾರೆ. ಅಲ್ಲಿಂದ ಈ ಕಡೆಗೆ ಬಸ್ಸಿಲ್ಲ."

ಗಂಗುಲಪ್ಪ ನಕ್ಕ, ಆಮೇಲೆ ನಕ್ಕದ್ದಕ್ಕೆ ಸಿಟ್ಟಾದ.

ರಾಮಾಂಜಿನಪ್ಪ ಹೊರಗೆ ಬಂದ. ಅಂಗೈಯಲ್ಲಿ ತೂತುಬಿದ್ದು ಸೊರಗಿದ ಹುಳಗಳು, ಅವುಗಳ ಮೇಲೆ ಕೆಂಪಿರುವೆ. "ಈ ಮನೆಗೆ ಇರುವೆ ಬಂದದ್ದು ಯಾವಾಗ ಹೇಳೋ? ನೀನು ಕಾಲಿಟ್ಟೆ, ಬಂತು!" ಬರಲನ್ನು ಕೈಗೆತ್ತಿಕೊಂಡ.

ಮುನಿಗಂಗಮ್ಮ ಚರಂಡಿ ದಾಟಿದಳು.

"ಏಯ್!" ಎಂದ ಗಂಗುಲಪ್ಪ.

ಗೋಡೆಯ ಬುಡದಿಂದ ಕಿಟಕಿಯವರೆಗೆ ಕೆಂಪು ನೂಲಿನಂತೆ ಇರುವೆಸಾಲು ಹರಿದಿತ್ತು. ಮೊದಲು ತೀನಿ ಕಂಡ ಇರುವೆ ಹಿಂತಿರುಗುವಾಗ ಹೊಟ್ಟೆ ನೆಲಕ್ಕೆ ಸವರಿ ವಾಸನೆ ಬಿಟ್ಟು ಹೋಗುತ್ತದೆ. ಹಿಂದೆ ಬರುವವಕ್ಕೆ ಅದೇ ರಸ್ತೆ. ಬೆಲ್ಲಕ್ಕೆ ಬಂದವು ಒಣಗಿದ ಬಟ್ಟಲು ದಾಟಿ ಅಟ್ಟಣೆ ಹತ್ತಿದ್ದವು, ಅಲ್ಲಿ ಮೆತ್ತನೆಯ ಹುಳಗಳ ವಾಸನೆ ಸಿಕ್ಕಿತ್ತು. ಅವಳು ಹೆಬ್ಬೆರಳಿಂದ ಸಾಲಿಗೆ ಅಡ್ಡಲಾಗಿ ಗೋಡೆಯನ್ನು ಉಜ್ಜಿದಳು. ಕೆಳಗಿನಿಂದ ಬಂದ ಇರುವೆಗಳು ಅಲ್ಲಿ ನಿಂತು, ಮೀಸೆ ಆಡಿಸಿ, ಗಿರಗಿರ ತಿರುಗಿದವು.

"ವಾಸನೆ ಹಿಡ್ಕೊಂಡು ಬರ್ತವೆ ಬುದ್ಧಿ ಇವು. ನನ್ನ ಗಂಡನ ವಾಸನೆಗೆ ಬಂದಿದ್ರೆ ಅವನ ಮೈಮೇಲೆ ಹರೀಬೇಕಿತ್ತು. ಒಂದಾದ್ರೂ ಐತಾ ನೋಡಿ. ಆಮೇಲೆ ಅಮ್ಮಾವ್ರ ಕಾಲು ನೋಡಿ."

ಬಾಗಿಲಲ್ಲಿ ಆದಿಲಕ್ಷ್ಮಮ್ಮ ಒಂದು ಪಾದದಿಂದ ಇನ್ನೊಂದನ್ನು ಉಜ್ಜಿಕೊಳ್ಳುತ್ತಿದ್ದಳು. ತೀರ್ಥ ಅಂಟಿ ಬಿರುಸಾದ ಸೀರೆಯ ಅಂಚಿನಲ್ಲಿ ಇರುವೆಗಳು ಹತ್ತುತ್ತಿದ್ದವು.

ಎತ್ತಿದ ಬರಲು ಹಾಗೇ ನಿಂತಿತು. ಒಳಗೆ ಮೇಯುವ ಸದ್ದು ಇನ್ನಷ್ಟು ಇಳಿಯಿತು. ರಾಮಾಂಜಿನಪ್ಪ ಬರಲನ್ನು ಬಿಸಾಡಿ ಹಗ್ಗ ಬಿಚ್ಚಿದ.

"ಬೇಗ ಬಾರೋ ಕೋನಾ. ನೀರು ತುಂಬು, ಅಟ್ಟಣೆ ಎತ್ತು. ಶುದ್ಧಿ ಆಮೇಲೆ ನೋಡ್ಕೊಳ್ಳಣ."

ಕೋನಪ್ಪ ಕದಲಲಿಲ್ಲ. "ನಿನ್ನೆ ನೀರು ಚೆಲ್ಲಿದ್ದು ಯಾರು ಅಂತ ಹೇಳಿಸಿ ಬುದ್ಧಿ. ಗಂಗುಲಪ್ಪಾರು ಕೇಳ್ಲಿ."

"ಹುಳ ಸಾಯ್ತವೆ ಕಣೋ!"

"ನನ್ನನ್ನ ಕಟ್ಟಿದಾಗ್ಲೂ ಸಾಯ್ತಿದ್ವು."

ಆದಿಲಕ್ಷ್ಮಮ್ಮ ಮಗನ ಮುಖ ನೋಡಿದಳು, ಒಳಗಿನ ತಟ್ಟೆಗಳ ಕಡೆ ಕಿವಿಗೊಟ್ಟಳು.

"ನಾನೇ ಕಣಪ್ಪ," ಎಂದಳು. "ನೀರು ಚೆಲ್ಲಿದ್ದೂ ನಾನೇ, ಬೆಲ್ಲ ಚಿಮುಕಿಸಿದ್ದೂ ನಾನೇ."

ಕೋನಪ್ಪ ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ. ಕಂದಿದ ಮುಂಗೈ ತಿಕ್ಕಿಕೊಂಡ. "ಹಂಗಾದ್ರೆ ನೀರೂ ನೀವೇ ತುಂಬಿ ಅಮ್ಮಾವ್ರೆ. ನಾನು ತುಂಬಿದ್ದನ್ನ ಮತ್ತೆ ಚೆಲ್ಲಬೇಕಾಗ್ತದೆ."

ಗಂಡಹೆಂಡಿರು ಚರಂಡಿ ದಾಟಿ ನಡೆದರು. ಬಾವಿಯ ರಾಟೆ ಕಿರುಗುಟ್ಟಿತು. ಗೋಡೆಯ ಮೇಲೆ, ಮುನಿಗಂಗಮ್ಮ ಉಜ್ಜಿದ ಜಾಗವನ್ನು ಸುತ್ತಿ ಒಂದು ಇರುವೆ ಆಗಲೇ ಆಚೆ ತಲುಪಿತ್ತು.