ಐದರಾಚೆ

"ಇನ್ನೊಂದ್ಸಲ" ಎಂದಳು ಯಾರಿನಾ, ಅವನ ಮುಷ್ಟಿಯನ್ನು ಬಿಡಿಸುತ್ತ.

ಆರ್ಸೆನಿ ಅಂಗೈ ಬಿಚ್ಚಿ ಮೇಜಿನ ಮೇಲಿಟ್ಟ. ಈ ಊರಿನಲ್ಲೂ, ಅವನು ಬಿಟ್ಟುಬಂದ ಊರಿನಲ್ಲೂ, ಎಣಿಕೆ ಶುರುವಾಗುವುದು ಬಿಚ್ಚಿದ ಕೈಯಿಂದ. ಒಂದೊಂದು ಅಂಕಿಗೆ ಒಂದೊಂದು ಬೆರಳು ಮಡಚಿ, ಐದಕ್ಕೆ ಮುಷ್ಟಿಯಾಗುತ್ತದೆ. ಏಳು ವರ್ಷದ ಯಾರಿನಾ ಅವನ ಕಿರುಬೆರಳಿನಿಂದ ಶುರುಮಾಡಿದಳು. ಅವಳ ಕೈಗೆ ಹತ್ತಿದ್ದ ಜಾಮು ಅವನ ಕೈಗೂ ಅಂಟಿತು.

"ಒದಿನ್" ಎಂದ ಅವನು. "ದ್ವಾ. ತ್ರಿ. ಚೊತಿರಿ. ಪ್ಯಾತ್."

"ಮುಂದೆ?"

"ಶೇಸ್ತ್."

ಯಾರಿನಾ ಕಣ್ಣು ಮುಚ್ಚಿ ಉಸಿರುಬಿಟ್ಟಳು. ಶಾಲೆಯಲ್ಲಿ ಅವಳ ಟೀಚರು ಹೀಗೇ ಮಾಡುತ್ತಿರಬೇಕು. "ಅದು ರಷ್ಯನ್ ಆರು, ಮಾಮ. ನಮ್ಮ ಆರು ಶೀಸ್ತ್. ಬಾಯಿ ಅಷ್ಟಗಲ ತೆಗೀಬೇಡಿ. ನಗೋ ಹಾಗೆ ಇಟ್ಕೊಳ್ಳಿ. ಶೀಸ್ತ್."

"ಶೇ..."

"ನೀವು ಬೇಕಂತ್ಲೇ ಮಾಡ್ತೀರ."

ಬೇಕೆಂದು ಮಾಡುತ್ತಿರಲಿಲ್ಲ. ಉಕ್ರೇನಿನ ಪೂರ್ವದ ಒಂದು ನಗರದಲ್ಲಿ ಅರ್ಧ ಆಯುಸ್ಸು ಸಂಖ್ಯಾಶಾಸ್ತ್ರ ಪಾಠ ಮಾಡಿದವನು ಆರ್ಸೆನಿ. ಮಾಡಿದ್ದು ರಷ್ಯನ್ನಿನಲ್ಲಿ. ಯುದ್ಧದಲ್ಲಿ ಆ ನಗರ ರಷ್ಯದ ಕೈಗೆ ಸಿಕ್ಕು ಈಗ ಗಡಿಯ ಆಚೆ ಬಿದ್ದಿತ್ತು. ಅವನ ಕಪ್ಪುಹಲಗೆ, ಫ್ಲ್ಯಾಟು, ಎಲ್ಲವೂ ಅಲ್ಲೇ; ಅವನ ಬಳಿ ಉಳಿದದ್ದು ಫ್ಲ್ಯಾಟಿನ ಬೀಗದ ಕೈ ಮಾತ್ರ. ಪಶ್ಚಿಮದ ಈ ಸಣ್ಣ ಊರಿಗೆ ಬಂದ ಮೇಲೆ ಉಕ್ರೇನಿಯನ್ನಿನಲ್ಲಿ ಮಾತಾಡುವುದನ್ನು ಹೇಗೋ ರೂಢಿಸಿಕೊಂಡ. ಪದಗಳು ಬಂದವು. ಅಂಕಿಗಳು ಬರಲಿಲ್ಲ. ಅವು ಪದಗಳಿಗಿಂತ ಕೆಳಗೆಲ್ಲೋ ಕೂತಿದ್ದವು. ಐದರವರೆಗೆ ಎರಡೂ ಭಾಷೆಗಳು ಅಕ್ಕಪಕ್ಕದ ಮನೆಯವರ ಹಾಗಿದ್ದದ್ದರಿಂದ ನಡೆದುಹೋಗುತ್ತಿತ್ತು. ಆರಕ್ಕೆ ಬಂದರೆ ನಾಲಿಗೆ ಹಳೆಯ ಮನೆಗೇ ಓಡುತ್ತಿತ್ತು.

ಒಮ್ಮೆ ಬ್ರೆಡ್ಡಿನ ಸಾಲಿನಲ್ಲಿ ನಿಂತು ರಷ್ಯನ್ ಎಂಟು ಹೇಳಿದ್ದ. ಯಾರೂ ಏನೂ ಅನ್ನಲಿಲ್ಲ. ಮುಂದಿದ್ದ ಇಬ್ಬರು ತಿರುಗಿ ನೋಡಿದರು, ಅಷ್ಟೆ. ಅಂದಿನಿಂದ ಅವನು ಏನು ಕೊಂಡರೂ ಐದೇ ಕೊಳ್ಳುತ್ತಿದ್ದ. ಐದು ಸೇಬು, ಐದು ಬನ್ನು, ಐದು ಮೇಣದಬತ್ತಿ. "ನಮ್ಮನೇಲಿ ಎಲ್ಲಾ ಐದೈದು" ಎಂದು ಮನೆಯೊಡತಿ ಒರೀಸ್ಯಾ ಒಂದು ದಿನ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ನಕ್ಕಿದ್ದಳು. ನಮ್ಮನೆ ಎಂಬ ಆ ಮಾತನ್ನು ಅವನು ಬಹಳ ದಿನ ಮನಸ್ಸಿನಲ್ಲೇ ತಿರುವಿಹಾಕಿದ್ದ.

ಈಗ ಒರೀಸ್ಯಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಅಡುಗೆಮನೆಗೆ ಬಂದಳು. ಬೇಕರಿಯಲ್ಲಿ ಅವಳಿಗೆ ಶನಿವಾರವೂ ಕೆಲಸ.

"ಆರ್ಸೆನಿಯವ್ರೇ, ಇವತ್ತು ಹೂವು ನೀವೇ ತಂದ್ಬಿಡ್ತೀರಾ? ಒಂಬತ್ತೂವರೆಗೆ ಬಿಡುವು ಮಾಡ್ಕೊಂಡು ನಾನು ಚೌಕಕ್ಕೇ ಬರ್ತೀನಿ."

"ಯಾವ ಹೂವು?"

"ಸೇವಂತಿಗೆ. ಅವರಿಗೆ ಸೇವಂತಿಗೆ ಇಷ್ಟ."

"ಎಷ್ಟು?"

ಅವಳ ಬೆರಳು ಕೊನೆಯ ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು. "ಯಾರಿನಾಗೆ ಟೋಪಿ ಹಾಕ್ಸಿ. ಹೊರಗಡೆ ಗಾಳಿ" ಎಂದಳು. ಬಾಗಿಲು ಹಾಕಿಕೊಂಡಿತು.

ಇಷ್ಟ ಎಂದಳು, ಇಷ್ಟವಾಗಿತ್ತು ಎನ್ನಲಿಲ್ಲ. ಇಂಥದ್ದನ್ನು ಗಮನಿಸುವುದು ಅವನಿಗೊಂದು ಕಾಯಿಲೆಯಾಗಿಬಿಟ್ಟಿತ್ತು.

ಇವತ್ತು ಮಾರ್ಕಿಯಾನನ ಹುಟ್ಟುಹಬ್ಬ. ಮಾರ್ಕಿಯಾನ್ ಎಂದರೆ ಒರೀಸ್ಯಾಳ ಗಂಡ, ಯಾರಿನಾಳ ಅಪ್ಪ. ಯುದ್ಧಕ್ಕೆ ಹೋಗಿದ್ದವನು ಎರಡು ವರ್ಷದ ಹಿಂದಿನ ವಸಂತದಲ್ಲಿ ಒಂದು ಕಾಡಂಚಿನಲ್ಲಿ ಕಾಣೆಯಾಗಿದ್ದ. ಸತ್ತನೆಂದು ಯಾರೂ ಹೇಳಲಿಲ್ಲ, ಸೆರೆಸಿಕ್ಕನೆಂದೂ ಹೇಳಲಿಲ್ಲ. ಅದಕ್ಕೂ ಮೊದಲು, ಆರ್ಸೆನಿ ಈ ಮನೆಗೆ ಬಾಡಿಗೆಗೆ ಬಂದ ಹೊಸತರಲ್ಲಿ, ಒಂದು ಸಲ ಫೋನಿನಲ್ಲಿ ಅವನೇ ಸಿಕ್ಕಿದ್ದ. "ನಮ್ಮನೆ ಬಾಯ್ಲರು ಸ್ವಲ್ಪ ಹಠಮಾರಿ, ಸಾರ್. ಬಲಗಡೆ ಕೆಳಗೆ ಒಂದು ಗುದ್ದಿ, ಹತ್ಕೊಳ್ಳತ್ತೆ" ಎಂದಿದ್ದ. ಒಳ್ಳೆಯ ದನಿ. ಈಗಲೂ ಆರ್ಸೆನಿ ದಿನಾ ಬೆಳಗ್ಗೆ ಬಾಯ್ಲರಿನ ಬಲಗಡೆ ಕೆಳಗೆ ಗುದ್ದುತ್ತಾನೆ. ಮನೆ ಬೆಚ್ಚಗಾಗುತ್ತದೆ.

ಹೋದ ವಾರ ತೊಳೆದ ತಟ್ಟೆಗಳನ್ನು ಒರೆಸುತ್ತಿದ್ದ ಒರೀಸ್ಯಾಳನ್ನು ಅವನು ಕೇಳಿದ್ದ: "ನಾನು ಇಲ್ಲಿ ಬಾಡಿಗೆಯವನಾಗೇ ಇರ್ಬೇಕಾ?" ಅವಳು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ಅವರ ಹುಟ್ಟಿದ ಹಬ್ಬ ಕಳೀಲಿ" ಎಂದಳು.

ಹೋದ ವರ್ಷ ಅವಳು ಏಳು ಹೂವು ಕೊಂಡಿದ್ದಳು. ಚೌಕದವರೆಗೆ ಹೊತ್ತವನು ಆರ್ಸೆನಿ. ಬದುಕಿರುವವರಿಗೆ ಕೊಡುವ ಹೂವು ಬೆಸ ಸಂಖ್ಯೆಯಲ್ಲಿರಬೇಕು, ಸತ್ತವರಿಗೆ ಸಮ. ಇದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಪೂರ್ವದಲ್ಲೂ ಪಶ್ಚಿಮದಲ್ಲೂ ಒಂದೇ ಲೆಕ್ಕ. ಈ ಸಲ ಅವಳು ಸಂಖ್ಯೆ ಹೇಳದೆ ಹೋಗಿದ್ದಾಳೆ. ತೀರ್ಮಾನವನ್ನು ತನಗೆ ಬಿಟ್ಟಳೋ, ಅಥವಾ ಬಸ್ಸಿಗೆ ಹೊತ್ತಾಗಿತ್ತೋ? ಎರಡಕ್ಕೂ ಸಮಾನ ಸಂಭವ ಎಂದುಕೊಂಡ ಸಂಖ್ಯಾಶಾಸ್ತ್ರಜ್ಞ.

ಕಾಣೆಯಾದವರಲ್ಲಿ ಎಷ್ಟು ಮಂದಿ ಹಿಂದಿರುಗುತ್ತಾರೆಂಬ ಲೆಕ್ಕವನ್ನು ಒಮ್ಮೆ ಮಾಡಹೊರಟು ಅರ್ಧಕ್ಕೆ ನಿಲ್ಲಿಸಿದ್ದ. ನಿಲ್ಲಿಸಿದ್ದು ಕರುಣೆಯಿಂದಲ್ಲ. ಉತ್ತರ ತನಗೆ ಅನುಕೂಲವಾಗಿ ಬರುತ್ತಿತ್ತು.

ಯಾರಿನಾಗೆ ಟೋಪಿ ಹಾಕಿಸಿದ. ಅವಳು ತೆಗೆದಳು. ಮತ್ತೆ ಹಾಕಿಸಿದ. ದಾರಿಯುದ್ದಕ್ಕೂ ಅವನ ಕೋಟಿನ ಜೇಬಿನೊಳಗೆ ಕೈ ಇಟ್ಟುಕೊಂಡೇ ಅವಳು ನಡೆದಳು. ಅವಳ ಪುಟ್ಟ ಕೈ ಅಲ್ಲಿರುವಾಗ ಅವನಿಗೆ ಲೋಕದ ಮೇಲೆ ಯಾವ ದೂರೂ ಇರುತ್ತಿರಲಿಲ್ಲ.

"ಆ ಮನೇಲಿ ಎಷ್ಟು ಕಿಟಕಿ, ಮಾಮ?"

"ಐದು."

"ಸುಳ್ಳು. ಆರಿದೆ. ನಿಮಗೆ ಬರಲ್ಲ ಅಂತ ಒಂದು ನುಂಗಿದ್ರಿ."

"ಒಂದರಲ್ಲಿ ಗಾಜಿಲ್ಲ, ಹಲಗೆ ಹೊಡೆದಿದಾರೆ. ಅದು ಕಿಟಕಿ ಅಲ್ಲ."

"ಹಲಗೆ ಹೊಡೆದ್ರೂ ಕಿಟಕೀನೇ" ಎಂದಳು ಅವಳು.

ಸಂತೆಯ ಬಾಗಿಲಲ್ಲೇ ಪರಸ್ಕಾ ಅಜ್ಜಿ ಬಕೆಟ್ಟುಗಳಲ್ಲಿ ಹೂವಿಟ್ಟುಕೊಂಡು ಕೂತಿದ್ದಳು. ಎಲೆ ಕಿತ್ತು ಕಿತ್ತು ಅವಳ ಉಗುರು ಹಸಿರಾಗಿತ್ತು.

"ಬನ್ನಿ ಸ್ವಾಮಿ, ಇವತ್ತೇ ಕೊಯ್ದಿದ್ದು. ಎಷ್ಟು ಕೊಡ್ಲಿ?"

ಐದು ಎನ್ನಬೇಕೆಂದೇ ಅವನು ಬಾಯಿ ತೆರೆದ.

"ಶೀಸ್ತ್."

ತೊದಲದೆ, ತಡವರಿಸದೆ, ಈ ಬೀದಿಯಲ್ಲೇ ಹುಟ್ಟಿ ಬೆಳೆದವನ ಹಾಗೆ ಹೇಳಿದ.

ಯಾರಿನಾ ಅವನ ಜೇಬು ಜಗ್ಗಿದಳು. "ಬಂತು ಮಾಮ. ಬಂದೇಬಿಡ್ತು." ಅಜ್ಜಿಯ ಕಡೆ ತಿರುಗಿ, "ಬೆಳಗ್ಗೆಯಿಂದ ನಾನೇ ಹೇಳ್ಕೊಡ್ತಾ ಇದ್ದೆ. ಇವರಿಗೆ ನಾನೇ ಟೀಚರು" ಎಂದಳು. ಶಿಷ್ಯ ಪಾಸಾದ ಸಂತೋಷದಲ್ಲಿ ಅವಳಿಗೆ ಬೇರೇನೂ ಹೊಳೆಯಲಿಲ್ಲ.

ಅಜ್ಜಿ ನಗಲಿಲ್ಲ. ಬಣ್ಣದ ರಿಬ್ಬನ್ನುಗಳನ್ನು ಪಕ್ಕಕ್ಕೆ ಸರಿಸಿ ಕಪ್ಪು ರಿಬ್ಬನ್ನು ಎಳೆದುಕೊಂಡಳು. "ಯಾರು ಹೋದ್ರು?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ಕಾಗದದ ಮೇಲೆ ಒಂದೊಂದೇ ಹೂವು ಇಡತೊಡಗಿದಳು. ಐದು ಇಟ್ಟಳು. ಆರನೆಯದು ಕೈಯಲ್ಲಿದ್ದಾಗ ಕಂಬದ ಮೇಲಿನ ಧ್ವನಿವರ್ಧಕ ಟಿಕ್ ಟಿಕ್ ಎಂದಿತು.

ಒಂಬತ್ತು ಗಂಟೆ. ದಿನಾ ಈ ಹೊತ್ತಿಗೆ, ಯುದ್ಧದಲ್ಲಿ ಸತ್ತವರಿಗಾಗಿ, ಒಂದು ನಿಮಿಷದ ಮೌನ. ಬಸ್ಸು ನಿಂತಿತು. ಮಾಂಸದಂಗಡಿಯವನು ಕತ್ತಿ ಕೆಳಗಿಟ್ಟ. ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು, ಹೂವು ಅವಳ ಕೈಯಲ್ಲೇ ಉಳಿಯಿತು. ಯಾರಿನಾ ಟೋಪಿ ತೆಗೆದು ಕಣ್ಣು ಮುಚ್ಚಿಕೊಂಡಳು.

ಆರ್ಸೆನಿ ಆ ಹೂವನ್ನೇ ನೋಡುತ್ತ ನಿಂತ. ಅಲ್ಲಾಡದೆ, ಕಾಗದಕ್ಕೂ ಬಕೆಟ್ಟಿಗೂ ನಡುವೆ, ಅದು ಗಾಳಿಯಲ್ಲಿತ್ತು. ನಾಲಿಗೆ ತಪ್ಪಲಿಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹೊಸ ಭಾಷೆಯಲ್ಲಿ ಐದರಾಚೆ ಅವನು ಮೊದಲ ಸಲ ತಪ್ಪಿಲ್ಲದೆ ಹೇಳಿದ ಅಂಕಿ ಇದು. ಹೇಳಿದ್ದು ಒಬ್ಬ ಮನುಷ್ಯ ಸತ್ತಿರಲಿ ಎಂದು. ದಿನಾ ಬಾಯ್ಲರಿಗೆ ಗುದ್ದುವಾಗ ನೆನೆಯುವ ಆ ಒಳ್ಳೆಯ ದನಿಯವನು. ಪಕ್ಕದಲ್ಲಿ ಅವನ ಮಗಳು ಕಣ್ಣು ಮುಚ್ಚಿ ನಿಂತಿದ್ದಾಳೆ. ಆರ್ಸೆನಿಗೆ ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಆಸೆ ಇನ್ನೂ ಹಾಗೆಯೇ ಇತ್ತು.

ಟಿಕ್ ಟಿಕ್ ನಿಂತಿತು. ಬಸ್ಸು ಹೊರಟಿತು.

"ಹೂಂ" ಎಂದು ಅಜ್ಜಿ ಕೂತಳು. "ಯಾರಿಗೆ ಅಂದ್ರಿ?"

"ನಮ್ಮಪ್ಪಂಗೆ" ಎಂದಳು ಯಾರಿನಾ. "ಇವತ್ತು ಹುಟ್ಟಿದ ಹಬ್ಬ. ಅಪ್ಪ ಇನ್ನೂ ಸಿಕ್ಕಿಲ್ಲ."

ಅಜ್ಜಿ ಮಗುವನ್ನು ನೋಡಿದಳು. ಆಮೇಲೆ ಅವನನ್ನು. "ಸಿಕ್ಕಿಲ್ದೋರಿಗೆ ನಾನು ಆರು ಕೊಡಲ್ಲ, ಸ್ವಾಮಿ."

"ಬಾಯಿ ತಪ್ಪಿತು."

"ಬಾಯೇನೋ ಚೆನ್ನಾಗೇ ಹೇಳ್ತು" ಎಂದಳು ಅಜ್ಜಿ. "ಮಗೂಗೆ ನೀವು ಏನಾಗ್ಬೇಕು?"

"ಮಾಮ" ಎಂದಳು ಯಾರಿನಾ.

"ಬಾಡಿಗೆಗಿದ್ದೀನಿ" ಎಂದ ಆರ್ಸೆನಿ.

ಅಜ್ಜಿ ಕಪ್ಪು ರಿಬ್ಬನ್ನು ಸುತ್ತಿಟ್ಟು ನೀಲಿಯದನ್ನು ಕಟ್ಟಿದಳು. ಐದು ಹೂವು ಅವನಿಗೆ ಕೊಟ್ಟು, ಆರನೆಯದನ್ನು ಯಾರಿನಾಳ ಟೋಪಿಗೆ ಸಿಕ್ಕಿಸಿದಳು. "ಇದು ಟೀಚರಿಗೆ. ದುಡ್ಡು ಬೇಡ."

ಚೌಕದ ಉದ್ದಕ್ಕೂ ಗೋಡೆ. ಗೋಡೆಯ ತುಂಬ ಕಾಣೆಯಾದವರ ಫೋಟೋಗಳು, ಒಂದೊಂದರ ಕೆಳಗೆ ಒಂದೊಂದು ಗಾಜಿನ ಜಾಡಿ. ಮೇಲಿನ ಸಾಲಿನಲ್ಲಿ, ಎಡತುದಿಯ ಹತ್ತಿರ, ಮಾರ್ಕಿಯಾನ್ ಯಾರೋ ತಮಾಷೆ ಹೇಳಿ ಮುಗಿಸಲೆಂದು ಕಾಯುವವನ ಮುಖ ಮಾಡಿಕೊಂಡಿದ್ದ. ಒರೀಸ್ಯಾ ಆಗಲೇ ಬಂದು ಜಾಡಿಯ ನೀರು ಬದಲಾಯಿಸಿದ್ದಳು. ಅವಳ ತೋಳಿನ ಮೇಲೆ ಹಿಟ್ಟಿತ್ತು.

ಆರ್ಸೆನಿ ಹೂವು ಇಟ್ಟ. ಯಾರಿನಾ ಟೋಪಿಯಿಂದ ತನ್ನದನ್ನು ಕಿತ್ತು, "ಇದೂ ಅಪ್ಪಂಗೆ" ಎಂದು ಅದೇ ಜಾಡಿಗೆ ಹಾಕಿದಳು. ಅವನು ಅವಳ ಕೈ ಹಿಡಿದು ತಡೆಯಬಹುದಿತ್ತು. ಹಿಡಿಯಲಿಲ್ಲ.

ಒರೀಸ್ಯಾಳ ತುಟಿ ಸದ್ದಿಲ್ಲದೆ ಅಲ್ಲಾಡಿತು. ಅವಳೂ ಎಣಿಸುತ್ತಿದ್ದಳು.

"ಎಷ್ಟು ತಂದ್ರಿ?"

"ಐದು. ಒಂದು ಯಾರಿನಾದು."

"ಐದಾ" ಎಂದಳು. ಸಮಾಧಾನವೋ ನಿರಾಸೆಯೋ, ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಂತಿರಲಿಲ್ಲ. ಅವಳ ಕೈ ಜಾಡಿಯವರೆಗೆ ಹೋಗಿ, ನಿಂತು, ಒಂದು ಹೂವನ್ನು ಎಳೆದುಕೊಂಡಿತು. ಎಳೆದ ಹೂವನ್ನು ಎಲ್ಲಿಡುವುದೆಂದು ಸುತ್ತ ನೋಡಿದಳು. ಸುತ್ತ ಬೇರೆಯವರ ಗಂಡಂದಿರು.

"ಹಿಡ್ಕೊಳ್ಳಿ" ಎಂದು ಆರ್ಸೆನಿಯ ಕೈಗೆ ಕೊಟ್ಟಳು.

ಅವಳ ಬೆರಳು ಬೆಚ್ಚಗಿತ್ತು. ಅವನಿಗೆ ಒಂದು ಕ್ಷಣ ಬರಿಯ ಸುಖವಾಯಿತು. ಹೂವನ್ನು ತನಗೆ ಕೊಟ್ಟಳೋ, ಸ್ವಲ್ಪ ಹೊತ್ತು ಇಟ್ಟುಕೊಂಡಿರಿ ಎಂದಳೋ?

"ಒರೀಸ್ಯಾ ಅವ್ರೇ, ಹೋದ ವಾರ ನಾನು ಕೇಳಿದ್ದು..."

"ಬಾಯ್ಲರು ಹತ್ತಿತ್ತಾ ಬೆಳಗ್ಗೆ?"

"ಹೂಂ. ಗುದ್ದಿದೆ."

"ಅವರು ಹೇಳಿದ್ದ ಜಾಗಕ್ಕೇನಾ?"

"ಅಲ್ಲಿಗೇ."

ಅವಳು ಫೋಟೋದ ಗಾಜನ್ನು ತೋಳಿನಿಂದ ಒರೆಸಿದಳು. ಮಾರ್ಕಿಯಾನನ ಕೆನ್ನೆಗೆ ಹಿಟ್ಟು ಹತ್ತಿತು. ಅವಳಿಗೆ ನಗು ಬಂದು, ನಗುತ್ತಲೇ ಮುಖ ಆ ಕಡೆ ತಿರುಗಿಸಿಕೊಂಡಳು.

"ಮಾಮ, ಮರ್ತುಹೋಗತ್ತೆ ನಿಮಗೆ" ಎಂದಳು ಯಾರಿನಾ. "ಇವರನ್ನೆಲ್ಲ ಎಣಿಸಿ. ಆ ತುದಿಯಿಂದ."

ಅವಳು ಅವನ ಕೈ ಎಳೆದುಕೊಂಡಳು. ಅಂಗೈಯಲ್ಲಿ ಹೂವಿನ ದಂಟು ಅಡ್ಡವಾಗಿತ್ತು. ಗೋಡೆಯ ಎಡತುದಿಯಲ್ಲಿ ಗಡ್ಡದ ಹುಡುಗನೊಬ್ಬ ಇದ್ದ.

"ಒದಿನ್" ಎಂದ ಆರ್ಸೆನಿ. ಅವಳು ಅವನ ಕಿರುಬೆರಳನ್ನು ದಂಟಿನ ಸುತ್ತ ಮಡಚಿದಳು.

"ದ್ವಾ." ಕನ್ನಡಕದವನು. "ತ್ರಿ." ಮದುವೆಯ ಸೂಟಿನವನು. "ಚೊತಿರಿ." ನಾಯಿಯನ್ನು ತಬ್ಬಿಕೊಂಡವನು. "ಪ್ಯಾತ್." ಮೀಸೆ ಮೂಡದವನು. ಹೆಬ್ಬೆರಳೂ ಮಡಚಿಕೊಂಡಿತು. ಹೂವು ಮುಷ್ಟಿಯೊಳಗೆ ಭದ್ರವಾಯಿತು.

"ಮುಂದೆ?"

ಮುಂದಿನವನು ಮಾರ್ಕಿಯಾನ್.

ಒರೀಸ್ಯಾ ಈ ಕಡೆ ತಿರುಗಿ ಅವನನ್ನು ನೋಡುತ್ತಿದ್ದಳು. ಅವನಿಗೆ ಪದ ಗೊತ್ತಿತ್ತು. ಯಾರಿನಾ ಹೇಳಿಕೊಟ್ಟಂತೆ ಬಾಯನ್ನು ನಗುವ ಹಾಗೆ ಇಟ್ಟುಕೊಂಡ. ಸಂತೆಯಲ್ಲಿ ತಾನಾಗಿ ಬಂದದ್ದು ಇಲ್ಲಿ ಬರಲಿಲ್ಲ. ಅದರ ಬದಲಿಗೆ ಬರಬೇಕಾಗಿದ್ದ ಹಳೆಯ ರಷ್ಯನ್ ಆರೂ ಬರಲಿಲ್ಲ.

"ಹೋಗ್ಲಿ ಬಿಡಿ, ಮೊದಲಿಂದ ಎಣಿಸೋಣ" ಎಂದಳು ಯಾರಿನಾ ಅಕ್ಕರೆಯಿಂದ. "ಕೈ ಬಿಚ್ಚಿ, ಮಾಮ."

ಬಿಚ್ಚಿದರೆ ಹೂವು ಬೀಳುತ್ತಿತ್ತು. ಮಗು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡುತ್ತಿತ್ತು. ಆ ಗೋಡೆಯ ಮುಂದೆ, ನಗುವ ಆಕಾರದಲ್ಲೇ ಉಳಿದ ಬಾಯಿಯನ್ನು ಹೊತ್ತು, ಅವನು ಮುಷ್ಟಿಯನ್ನು ಇನ್ನಷ್ಟು ಬಿಗಿಹಿಡಿದು ನಿಂತಿದ್ದ.